ಕೊನೆಗೆ ಉಣ್ಣುವವಳ ಸಾರು

ಈಗ ಒಬ್ಬ ಶ್ರೀಮಂತನ ಅಡುಗೆಮನೆಗೆ ಹೋಗಿ ಬರೋಣ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ಮುಖ ಗಂಟು ಹಾಕುವವರು ನಮ್ಮಲ್ಲಿ ಬಹಳ. ಹಾಗೆ ಮಾಡಬೇಡಿ, ಇವನು ಒಳ್ಳೆಯವನು. ಹೆಂಡತಿಯ ಮೇಲೆ ಜೀವವನ್ನೇ ಇಟ್ಟಿದ್ದ.

ಆ ಹೆಂಡತಿಯ ಕೈರುಚಿ ಊರಿಗೇ ಗೊತ್ತು. ಹುರುಳಿಕಾಳು ಬೇಯಿಸಿ, ಕಾಳು ಬೆಂದ ನೀರನ್ನು, ಅದೇ ಕಟ್ಟನ್ನು, ಬಸಿದು, ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಬೆಳ್ಳುಳ್ಳಿ, ಜೀರಿಗೆ, ಮೆಣಸಿನ ಜೊತೆ ರುಬ್ಬಿ, ಆ ಕಟ್ಟಿನಲ್ಲೇ ಕದಡಿ ಕುದಿಸಿದಳೆಂದರೆ ಬೀದಿಯ ಕೊನೆಯವರೆಗೂ ಘಮ. ಮನೆ ತುಂಬ ಜನ. ಮಾವ, ಮೈದುನರು, ಮಕ್ಕಳು, ಆಳುಗಳು. ಸೌಟನ್ನು ತಳದವರೆಗೆ ಇಳಿಸಿ, ಗಟ್ಟಿಯದನ್ನೇ ಎತ್ತಿ ಎತ್ತಿ ಎಲ್ಲರಿಗೂ ಬಡಿಸುತ್ತಿದ್ದಳು.

ಅಂಥವಳು ಒಂದು ವರ್ಷದಿಂದ ಸೊರಗುತ್ತ ಬಂದಳು. ಮೆಟ್ಟಿಲು ಹತ್ತಿದರೆ ಏದುಸಿರು, ಕೂತು ಎದ್ದರೆ ಕಣ್ಣು ಕತ್ತಲೆ. ಶ್ರೀಮಂತನಿಗೆ ಕೈಕಾಲೇ ಆಡಲಿಲ್ಲ. ಪೇಟೆಯಿಂದ ಪ್ರೋಟೀನ್ ಪುಡಿಯ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದ. ಡಬ್ಬಿಗಳು ಖಾಲಿಯಾದವು, ಅವಳು ಇನ್ನೂ ಇಳಿದಳು. ನೋಡಿ, ವಿಚಿತ್ರವೆಂದರೆ ಇವನ ಹೊಟ್ಟೆ ಮುಂದೆ ಬಂದಿತ್ತು. ಯಾಕೆ ಹೇಳಿ? ಆ ಪುಡಿಯನ್ನು ಅವಳು ದಿನಾ ಇವನ ಹಾಲಿಗೇ ಬೆರೆಸುತ್ತಿದ್ದಳು.

ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದರು. ಅವರು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆಯಿಲ್ಲ, ಮೈಗೆ ಬೇಕಾದ ಆಹಾರ ಸೇರುತ್ತಿಲ್ಲ, ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ ಎಂದರು. ಶ್ರೀಮಂತನಿಗೆ ಅವಮಾನವಾಯಿತು. ನಮ್ಮ ಮನೆಯಲ್ಲಿ ದಿನಾ ಕಾಳಿನ ಸಾರು, ಊಟಕ್ಕೇನು ಕೊರತೆ ಎಂದು ವಾದಕ್ಕೇ ಇಳಿದ. ಡಾಕ್ಟರಮ್ಮ ಒಂದೇ ಮಾತು ಕೇಳಿದರು.

"ಇವರು ಊಟ ಮಾಡೋದನ್ನ ನೀವು ಯಾವತ್ತಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ. ಬಡಿಸುವುದನ್ನು ನೋಡಿದ್ದ, ಉಣ್ಣುವುದನ್ನು ನೋಡಿರಲಿಲ್ಲ. ಒಂದು ದಿನವೂ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದವನು ಅಡುಗೆಮನೆಯ ಬಾಗಿಲಲ್ಲೇ ನಿಂತ. ಎಲ್ಲರದೂ ಆದ ಮೇಲೆ ಅವಳು ಸಾರಿನ ಖಾಲಿ ಪಾತ್ರೆಗೆ ಅರ್ಧ ಚೊಂಬು ಬಿಸಿನೀರು ಹೊಯ್ದು, ಚಿಟಿಕೆ ಉಪ್ಪು ಉದುರಿಸಿ, ಗಲಬರಿಸಿ, ಅದನ್ನೇ ಅನ್ನಕ್ಕೆ ಸುರಿದುಕೊಂಡಳು. ನಿಂತೇ ಉಂಡಳು. ಅವಳಿಗೆ ಅದೇನೂ ದೊಡ್ಡ ವಿಷಯವಲ್ಲ. ಅವಳ ಅತ್ತೆಯೂ, ಅಂದರೆ ಇವನ ಹೆತ್ತ ತಾಯಿಯೂ, ಹಾಗೇ ಉಂಡು ಹೋದವಳು. ಶ್ರೀಮಂತನಿಗೆ ಅಳು ಬಂತು.

ಮಾರನೆಯ ದಿನ ಸೌಟು ಇವನ ಕೈಗೆ. ಕಟ್ಟು ಬಸಿಯಲು ಹೋಗಿ ಅರ್ಧ ಮೋರಿಗೆ ಚೆಲ್ಲಿದ, ಹುಣಸೆಹುಳಿ ಜಾಸ್ತಿ ಹಿಂಡಿದ. ಏನಾದರಾಗಲಿ, ಮೊದಲ ಬಟ್ಟಲು ಅವಳಿಗೇ ಇಟ್ಟ. ತಳದ ಗಟ್ಟಿ ಸಾರು, ಮೇಲೊಂದು ಹಿಡಿ ಬೆಂದ ಕಾಳು. ಇಟ್ಟು ಎದುರಿಗೇ ಕೂತ. ಅವಳಿಗೆ ಸಂಕಟ. ಹೊರಗೆ ಮಾವ ತಟ್ಟೆಯ ಮುಂದೆ ಕಾಯುತ್ತಿದ್ದಾರೆ.

"ನೀವು ಹಿಂಗೆ ನೋಡ್ತಾ ಕೂತ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ ಕಣ್ರೀ," ಎಂದಳು.

ಅವನು ಎದ್ದು ಹೋದನೇ? ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತ.

"ತಿರುಗಿದೀನಿ, ಉಣ್ಣು. ನೀನು ಉಂಡ್ ಮೇಲೇನೇ ಅಪ್ಪನಿಗೆ ಬಡಿಸೋದು."

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಸಾರು ಸೊರ್ರೆಂದಿತು. ಹೆಂಡತಿ ಉಣ್ಣುವ ಸದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಈಗ ನೋಡಿ, ತಾಯಂದಿರು ನಗುತ್ತಿದ್ದೀರಿ, ಗಂಡಸರು ನೆಲ ನೋಡುತ್ತಿದ್ದೀರಿ. ನೆಲದಲ್ಲೇನಿದೆ ಸ್ವಾಮಿ? ದೇವರಿಗೆ ನೈವೇದ್ಯ ಇಡುತ್ತೀರಿ, ಸಂತೋಷ. ಬೇಯಿಸಿದವಳ ಬಟ್ಟಲಲ್ಲಿ ಏನಿದೆ ಎಂದು ಇಣುಕಿದ್ದೀರಾ? ನಾಳೆ ಇಣುಕಿ. ಕಾಳು ನೆನೆಹಾಕುವುದನ್ನು ಕಲಿಯಿರಿ, ಕಟ್ಟು ಬಸಿಯುವುದನ್ನು ಕಲಿಯಿರಿ, ಚೆಲ್ಲಿದರೆ ಚೆಲ್ಲಲಿ. ಮೊದಲ ಸೌಟು ಅವಳಿಗೆ ಬಡಿಸಿ. ತಾಯಂದಿರೇ, ನೀವೂ ಬೇಡ ಅನ್ನಬೇಡಿ, ಕೂತು ಉಣ್ಣಿ. ಸಾರಿನ ಪಾತ್ರೆಗೆ ನೀರು ಹೊಯ್ಯುವುದು ತೊಳೆಯುವುದಕ್ಕೆ ಮಾತ್ರ.