ಬೆಚ್ಚಗಾಗದ ಕೈ

ಬೆರ್ಗೆನ್‌ನಲ್ಲಿ ಮಧ್ಯಾಹ್ನವೇ ಕತ್ತಲು ಕವಿದು, ಬಂದರಿನ ಕಡೆಯಿಂದ ಮಳೆ ಅಡ್ಡಡ್ಡ ಬೀಸುತ್ತಿತ್ತು. ಗುಡ್ರುನ್ ಅಜ್ಜಿಯ ಒಲೆಯ ಸುತ್ತ ಹೆಣಿಗೆ ಹಿಡಿದು ಕೂತಿದ್ದೆವು. ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದವು ಇಂಗ್ರಿಯ ಕಡ್ಡಿಗಳು. ಅವಳನ್ನು ಮದುವೆಯಾಗಲಿರುವ ಹುಡುಗ ಈಚೆಗಷ್ಟೇ ಆಸ್ಪತ್ರೆಗೆ ಶವಪರೀಕ್ಷೆಯ ಡಾಕ್ಟರಾಗಿ ಸೇರಿದ್ದ.

"ಮತ್ತೆ ಕೈಗವಸಾ? ನಿನ್ನ ಹುಡುಗನಿಗೆ ಎಷ್ಟು ಕೈಯೇ?" ಎಂದು ರೇಗಿಸಿದೆ.

"ಎರಡೇ ಕಣೇ. ಎರಡೂ ಮಂಜುಗಡ್ಡೆ!"

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟಳು.

"ಆ ಆಸ್ಪತ್ರೆಯ ಶವಾಗಾರದಲ್ಲಿ ನೀರು ಕಾಯಿಸ್ತಿದ್ದವಳು ನಾನೇ ಕಣ್ರೇ. ಆಗ ಅಲ್ಲಿ ಐವಿಂದ್ ಡಾಕ್ಟ್ರು ಅಂತ ಇದ್ರು. ರಬ್ಬರ್ ಗವಸು ಹಾಕೋ ಮೊದಲು ಬೋಗುಣಿಯ ಬಿಸಿನೀರಲ್ಲಿ ಕೈ ಅದ್ದಿ, ಒರೆಸಿಕೊಂಡು, ಸತ್ತವರ ಹಣೆ ಒಂದ್ಸಲ ಮುಟ್ಟೋರು. ಕೊನೇ ಸಲ ಮುಟ್ಟೋ ಕೈಯಾದ್ರೂ ಬೆಚ್ಚಗಿರ್ಲಿ ಅನ್ನೋರು... ಒಳ್ಳೇ ಮನುಷ್ಯ. ಆದ್ರೆ ಆ ಒಳ್ಳೇತನ ಮನೇಲಿ ಯಾರಿಗೆ ಬೇಕಿತ್ತೋ ಅವಳಿಗೆ ಸಿಕ್ಕಿತ್ತಾ?

"ಹೆಂಡತಿ ಬೊರ್ಗಿಲ್ ಒಂದಿನ ಊಟದ ಡಬ್ಬಿ ತಂದ್ಲು. ಆಗ ಡಾಕ್ಟ್ರು, ನೀರಲ್ಲಿ ಮುಳುಗಿ ಸತ್ತ ಹುಡುಗಿಯೊಬ್ಬಳ ಹಣೆಯಿಂದ ಕೂದಲು ಸರಿಸ್ತಿದ್ರು, ಮೆಲ್ಲಗೆ, ನಿದ್ದೆ ಕೆಡಿಸಬಾರದು ಅನ್ನೋ ಹಾಗೆ. ಬೊರ್ಗಿಲ್ ಮುಖ ಸುಣ್ಣದ ಹಾಗಾಯ್ತು. 'ನನ್ನನ್ನ ಮುಟ್ಟೋಕೆ ಯಾವತ್ತಾದ್ರೂ ನೀರು ಕಾಯಿಸಿದ್ರಾ?' ಅಂದ್ಲು. 'ನೀನು ಬದುಕಿದ್ದೀಯಲ್ಲೇ, ಬೆಚ್ಚಗೇ ಇದ್ದೀಯ,' ಅಂತ ಇವರು ನಕ್ಕುಬಿಟ್ರು. 'ಹಾಗಾದ್ರೆ ಸತ್ತೇ ನೋಡ್ತೀನಿ,' ಅಂದ್ಲು.

"ಆ ಚಳಿಗಾಲದಲ್ಲೇ ಮೆಟ್ಟಿಲ ಮೇಲೆ ಕುಸಿದು ಸತ್ಲು. ಯಾಕೆ ಸತ್ಲು ಅಂತ ತಿಳೀಬೇಕಲ್ಲ, ಅದೇ ಮೇಜಿಗೆ ತಂದ್ರು. ಆದ್ರೆ ಸ್ವಂತದವರನ್ನ ಡಾಕ್ಟ್ರು ಮುಟ್ಟೋ ಹಾಗಿಲ್ಲ... ನಿಯಮ. ಬೇರೆಯವರು ಬಂದು ಗವಸು ಹಾಕ್ಕೊಂಡು ಕೆಲಸ ಮುಗಿಸಿ ಹೋದ್ರು. ಐವಿಂದ್ ಡಾಕ್ಟ್ರು ಬಾಗಿಲಾಚೆ ನಿಂತೇ ಇದ್ರು. ನಾನು ಕಾಯಿಸಿಟ್ಟ ನೀರು ಹಾಗೇ ಆರಿಹೋಯ್ತು.

"ಮಾರನೇ ವಾರ ಒಬ್ಬ ಮುದುಕಿಯನ್ನ ತಂದ್ರು. ಹೊಗೆಯಾಡ್ತಿದ್ದ ನೀರಿಗೆ ಡಾಕ್ಟ್ರು ಕೈ ಹಾಕಿದ್ರು ನೋಡಿ... 'ಗುಡ್ರುನ್, ಐಸ್ ಯಾಕೆ ಇಟ್ಟೆ?' ಅಂದ್ರು. ನಾನು ಬೆರಳದ್ದಿದೆ. ಕೊರೀತಿತ್ತು! ಆಮೇಲೆ ಸಾಯೋವರೆಗೂ ಅವರ ಕೈ ಬೆಚ್ಚಗಾಗಲೇ ಇಲ್ಲ. ಅವರ ನಂತರ ಅಲ್ಲಿಗೆ ಬಂದ ಡಾಕ್ಟ್ರುಗಳದ್ದೂ ಅಷ್ಟೇ. ಒಂಟಿ ಇದ್ದವರಿಗೆ ಏನೂ ಇಲ್ಲ. ಮನೇಲಿ ಯಾವಳಾದ್ರೂ ಕಾಯ್ತಿದ್ರೆ ಮಾತ್ರ... ತನಗೆ ಸಿಗದ್ದು ಇನ್ನೊಬ್ಬಳಿಗೆ ಯಾಕೆ ಸಿಗಬೇಕು ಅಂತ ಆ ಬೊರ್ಗಿಲ್ ಹಟ."

ಇಂಗ್ರಿಯ ಕಡ್ಡಿಗಳು ನಿಂತಿದ್ದವು. ಅಜ್ಜಿ ಅವಳ ಮಡಿಲಿನ ಗವಸನ್ನು ಎತ್ತಿ ನೋಡಿ, ಮೆಲ್ಲಗೆ ಮಡಿಸಿ ವಾಪಸ್ಸು ಇಟ್ಟಳು.

"ಹೆಣಿಗೆ ಚೆನ್ನಾಗಿದೆ ಮಗಳೇ. ಆದ್ರೆ ಉಣ್ಣೆಯಿಂದ ಏನಾಗುತ್ತೆ? ಆ ಕೈಯನ್ನ ಅವಳು ಹಿಡಕೊಂಡಾಗಿದೆ."