ಎರಡು ಬುತ್ತಿ, ಒಂದು ಗೋದಾಮು

ಹುಣಸಗಿ ಬಸ್ ನಿಲ್ದಾಣ. ನನ್ನ ಪಕ್ಕದಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಚಿಕ್ಕವಳ ಮಡಿಲಲ್ಲಿ ಎರಡು ಬುತ್ತಿ ಗಂಟುಗಳಿದ್ದವು.

"ಮೋನಮ್ಮ, ನಿನ್ನ ಗಂಡ ಚೀಲ ಎತ್ತೋ ಫೋರ್ಕ್‌ಲಿಫ್ಟ್ ಕಲ್ತು ಸರ್ಟಿಫಿಕೇಟ್ ತಂದಾನಂತಲ್ಲ?"

"ತಂದಾರ, ಅತ್ತಿ. ನೆಲ್ಲಿನ ಗೋದಾಮಿಗಿ ಗಾಡಿನೂ ಬಂದದ. ಸುಮ್ನ ನಿಂತದ."

"ಯಾಕ?"

"ಚೀಲ ಎಲ್ಲಾ ನೆಲದ ಮ್ಯಾಲೇ ಅವ. ತೆಳಗ ಹಲಗಿ ಇಲ್ದಿದ್ರ ಗಾಡಿ ಎತ್ತಂಗಿಲ್ಲ."

"ಹಮಾಲ್ರು ಒಮ್ಮಿ ಎತ್ತಿ ಹಲಗಿ ಮ್ಯಾಲ ಇಟ್ರ ಮುಗೀತಲ್ಲ."

"ಇಟ್ರ ಅವರ ಕೆಲಸನೂ ಮುಗೀತದ. ಇಡಂಗಿಲ್ಲ ಅಂತ ಕುಂತಾರ."

"ಅವರ ಮುಖಂಡಗ ನೀನ ಹೇಳಿ ನೋಡು."

"ಮುಖಂಡ ನಮ್ಮಣ್ಣ. ಏನಂತ ಹೇಳ್ಲಿ?"

ಬಸ್ಸು ಬಂತು. ಮೋನಮ್ಮ ಗಂಟುಗಳನ್ನು ಎತ್ತಿಕೊಂಡು ಎದ್ದಳು.

"ಒಂದ ಗೋದಾಮಿಗಿ ಎರಡು ಬುತ್ತಿ ಯಾಕ?"

"ಒಂದು ಗಂಡಗ, ಒಂದು ಅಣ್ಣಗ. ಮೊದಲ ಒಂದರಾಗ ಇಬ್ರೂ ಉಣ್ತಿದ್ರು."