ತೀರ್ಪಿನ ದಿನದ ತರಬೇತಿ

ಬಸ್ ಸ್ಟಾಪಿನಲ್ಲಿ ಪಕ್ಕಕ್ಕೆ ನಿಂತಿದ್ದ ಇಬ್ಬರು ವರದಿಗಾರ್ತಿಯರ ಮಾತು ಕಿವಿಗೆ ಬಿದ್ದು, ಡ್ಯೂಟಿಗೆ ಹೊರಟಿದ್ದ ನರ್ಸ್ ತನ್ನ ಬಸ್ಸನ್ನೇ ಬಿಟ್ಟಳು.

“ಮೂರು ವರ್ಷ ಆ ಕೇಸಿನ ಸುದ್ದಿ ಬರೆದೋಳು ನೀನು. ಇವತ್ತು ತೀರ್ಪು. ಕೋರ್ಟಿಗೆ ಹೋಗದೆ ಇಲ್ಲೇನೇ ಮಾಡ್ತಿದೀಯ?” ಹಿರಿಯಳು ಕೇಳಿದಳು.

“ಸಂಪಾದಕರು ತರಬೇತಿಗೆ ಹೋಗು ಅಂದ್ರು ಅಕ್ಕಾ. ಪತ್ರಕರ್ತೆಯರ ಸಬಲೀಕರಣ.”

“ಕೋರ್ಟಿಗೆ?”

“ಅವರ ಅಳಿಯ ಹೋಗಿದಾನೆ. ನನ್ನ ನೋಟ್‌ಬುಕ್ಕೂ ಇಸ್ಕೊಂಡ.”

“ಕೊಟ್ಯಾ ಮಹಾತಾಯಿ?”

“ಕೊಟ್ಟೆ. ನನ್ನ ಅಕ್ಷರ ನನಗೊಬ್ಬಳಿಗೇ ಅರ್ಥ ಆಗೋದು.”

“ತರಬೇತೀಲಿ ಇವತ್ತೇನು ಪಾಠ?”

“ನಿಮ್ಮ ಸುದ್ದೀನ ಯಾರಿಗೂ ಬಿಟ್ಟುಕೊಡಬೇಡಿ ಅಂತ.”

“ಹೇಳಿಕೊಡೋರು?”

“ನಮ್ಮ ಸಂಪಾದಕರೇ.”

ಹಿರಿಯಳು ನಗಲಿಲ್ಲ. “ಕೋರ್ಟ್ ಬಸ್ಸು ಬಂತು, ಹತ್ತು. ನಿನ್ನ ಬದಲು ನಾನು ತರಬೇತಿಗೆ ಹೋಗ್ತೀನಿ. ನಿನ್ನ ಕೇಳಿದ್ರೆ ಏನು ಹೇಳ್ಲಿ?”

ಕಿರಿಯಳು ಆಗಲೇ ಮೆಟ್ಟಿಲ ಮೇಲಿದ್ದಳು.

“ಪ್ರಾಕ್ಟಿಕಲ್‌ಗೆ ಹೋದ್ಲು ಅನ್ನಿ.”